ಪಿಂಚಣಿಗೆ ಮೊದಲೇ ತೆರಳಿದ ಸೇನಾನಿ: ಸ್ವಾಮಿ ರಮಾನಂದ ತೀರ್ಥರ ಬಾಳು

ಆಗಸ್ಟ್ 15 ಬಂತೆಂದರೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಒಂದೇ ದಿನ ಎರಡು ಸಂಭ್ರಮ. ಮಾತೆ ಮರಿಯಮ್ಮನವರ ಸ್ವರ್ಗಾರೋಹಣ ಹಬ್ಬದ ಬಲಿಪೂಜೆ ಮುಗಿಯುತ್ತಿದ್ದಂತೆ ದೇವಾಲಯದ ಅಂಗಳದಲ್ಲಿ ರಾಷ್ಟ್ರಧ್ವಜ ಏರುತ್ತದೆ, ಮಕ್ಕಳಿಗೆ ಸಿಹಿ ಹಂಚಲಾಗುತ್ತದೆ. ನಮ್ಮ ಪಾಲಿಗೆ ಸ್ವಾತಂತ್ರ್ಯ ಎಂದರೆ ಆ ಒಂದು ದಿನ. ಆದರೆ ನಮ್ಮದೇ ರಾಜ್ಯದ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ಹೋದರೆ ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಧ್ವಜ ಏರುವುದನ್ನು ಕಾಣಬಹುದು. ಆ ಊರುಗಳಿಗೆ 1947ರಲ್ಲಿ ಸ್ವಾತಂತ್ರ್ಯ ಬರಲಿಲ್ಲ. ಇನ್ನೂ ಹದಿಮೂರು ತಿಂಗಳು ಅವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲೇ ಉಳಿದವು.

ಈ ಸೀಮೆ ನಮ್ಮ ಓದುಗರಿಗೆ ತೀರಾ ಅಪರಿಚಿತವೇನಲ್ಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹಳೆಯ ಕಥೋಲಿಕ ಸಮುದಾಯದ ಹೆಸರನ್ನು ಹಲವರು ಕೇಳಿರುತ್ತಾರೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಭೂಭಾಗಕ್ಕೆ ರಾಯಚೂರು ದೋಆಬ್ ಎಂದು ಹೆಸರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕಿದ ಶಾಸನದಲ್ಲಿ ಅಶೋಕನ ಹೆಸರೇ ಇದ್ದುದರಿಂದ ಆ ಊರು ಇತಿಹಾಸದ ಪುಸ್ತಕ ಸೇರಿತು. ಲಿಂಗಸುಗೂರು 1905ರವರೆಗೆ ನಿಜಾಮರ ಒಂದು ಜಿಲ್ಲೆಯಾಗಿತ್ತು. ಸಿಂಧನೂರು ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಆದರೆ ಈ ಊರುಗಳ ಹಿರಿಯರು ತಮ್ಮ ಬಾಲ್ಯದ ಮಾತು ತೆಗೆದರೆ ಮೊದಲು ನೆನಪಾಗುವುದು ಭತ್ತವೂ ಅಲ್ಲ, ಶಾಸನವೂ ಅಲ್ಲ, ರಜಾಕಾರರ ಕಾಲ.

ಆ ಕಾಲದಲ್ಲಿ ಊರು ಬಿಟ್ಟು ಗಡಿ ದಾಟಿ ಹೋರಾಟದ ಶಿಬಿರ ಸೇರಿದ ಸಾವಿರಾರು ಜನರಿಗೆ ಒಬ್ಬ ನಾಯಕರಿದ್ದರು. ಅವರು ಕಾವಿ ತೊಟ್ಟ ಸನ್ಯಾಸಿ. ಬಂದೂಕು ಹಿಡಿದವರಲ್ಲ, ಆದರೂ ಒಂದು ಸೈನ್ಯಕ್ಕೆ ಹೆಸರಾದವರು. ಅವರೇ ಸ್ವಾಮಿ ರಮಾನಂದ ತೀರ್ಥರು. ಅವರ ಬಾಳನ್ನೂ, ಅವರನ್ನು ನಂಬಿ ಹೋದವರಿಗೆ ಮುಂದೆ ಸರಕಾರ ಕೊಟ್ಟ ಪಿಂಚಣಿಯ ಕಥೆಯನ್ನೂ ಇಂದು ಒಟ್ಟಿಗೆ ನೆನೆಯಲು ಬಯಸುತ್ತೇವೆ.

ಶಿಕ್ಷಕನಾದ ಸನ್ಯಾಸಿ

ಅವರ ಹುಟ್ಟುಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ್. ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಈಗಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಕನ್ನಡದ ಮಣ್ಣಿನಲ್ಲಿ ಹುಟ್ಟಿ, ಮರಾಠಿಯಲ್ಲಿ ಕಲಿತು, ಕನ್ನಡ, ಮರಾಠಿ, ತೆಲುಗು ಮೂರೂ ಸೀಮೆಗಳ ಜನರಿಗೆ ನಾಯಕರಾದವರು ಅವರು. 1920ರಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡಾಗ ಹದಿನಾರರ ಈ ಹುಡುಗ ಮದುವೆಯಾಗದೆ ದೇಶಸೇವೆಯಲ್ಲಿ ಬಾಳುವ ಸಂಕಲ್ಪ ಮಾಡಿದ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರಕಾರಿ ಶಾಲೆ ಬಿಟ್ಟು, ಮುಂದೆ ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಓದು ಮುಗಿಸಿದ.

ಅನಂತರ ಅವರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಕಾರ್ಯದರ್ಶಿಯಾಗಿ ದುಡಿದರು. ಕೂಲಿಕಾರರ ಬದುಕು ಹತ್ತಿರದಿಂದ ಕಂಡದ್ದು ಆಗ. ಆದರೆ ಆರೋಗ್ಯ ಕೈಕೊಟ್ಟಿತು. ಪಟ್ಟಣದ ಕೆಲಸ ಬಿಟ್ಟು ನಿಜಾಮ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಬಂದು ಮುಖ್ಯೋಪಾಧ್ಯಾಯರಾದರು. 1930ರ ದಶಕದ ಮೊದಲ ವರ್ಷಗಳಲ್ಲಿ ಸನ್ಯಾಸ ಸ್ವೀಕರಿಸಿ ರಮಾನಂದ ತೀರ್ಥರಾದರು. ಬಳಿಕ ಬೀಡ್ ಜಿಲ್ಲೆಯ ಅಂಬಾಜೋಗಾಯಿಯಲ್ಲಿ ಯೋಗೇಶ್ವರಿ ಶಾಲೆಯನ್ನು ನಡೆಸಿದರು. ಸನ್ಯಾಸ ಎಂದರೆ ಲೋಕದಿಂದ ದೂರ ಸರಿಯುವುದು ಎಂದು ಅವರು ತಿಳಿಯಲಿಲ್ಲ. ಮನೆ, ಆಸ್ತಿ, ಸಂಸಾರ ಇಲ್ಲದವನು ಜೈಲಿಗೂ ಹೆದರಬೇಕಾಗಿಲ್ಲ ಎಂಬಂತೆ ಬಾಳಿದರು.

ಜೈಲಿನ ದಾರಿ

ನಿಜಾಮರ ಸಂಸ್ಥಾನದಲ್ಲಿ ಸಭೆ ಸೇರುವುದಕ್ಕೂ, ಪತ್ರಿಕೆ ನಡೆಸುವುದಕ್ಕೂ ಸರಕಾರದ ಅಪ್ಪಣೆ ಬೇಕಿತ್ತು. ಪ್ರಜೆಗಳಲ್ಲಿ ಹೆಚ್ಚಿನವರ ಮಾತು ತೆಲುಗು, ಮರಾಠಿ, ಕನ್ನಡ. ಆಡಳಿತದ ಮಾತು ಉರ್ದು. ಜವಾಬ್ದಾರಿ ಸರಕಾರ ಕೇಳಲು 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ಸರಕಾರ ಅದನ್ನು ನಿಷೇಧಿಸಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮೀಜಿ ಒಂದು ತಂಡದೊಂದಿಗೆ ಬಂಧನಕ್ಕೊಳಗಾಗಿ ಹದಿನೆಂಟು ತಿಂಗಳ ಶಿಕ್ಷೆಗೆ ಗುರಿಯಾದರು. ಅದೇ ವೇಳೆಗೆ ಆರ್ಯ ಸಮಾಜದವರೂ ಸಂಸ್ಥಾನದಲ್ಲಿ ದೊಡ್ಡ ಸತ್ಯಾಗ್ರಹ ನಡೆಸಿದರು. ಈ ಮಾತು ಮುಂದೆ ಪಿಂಚಣಿಯ ಕಥೆಯಲ್ಲಿ ಮತ್ತೆ ಬರುತ್ತದೆ.

1940ರ ವೈಯಕ್ತಿಕ ಸತ್ಯಾಗ್ರಹದಲ್ಲಿ ಅವರು ಮತ್ತೆ ಜೈಲು ಸೇರಿದರು. 1942ರ ಚಲೇಜಾವ್ ಚಳವಳಿಯಲ್ಲಿ ಇನ್ನೊಮ್ಮೆ. ನಿಷೇಧ ತೆರವಾದದ್ದು 1946ರಲ್ಲಿ. ಆಗ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷತೆ ಸ್ವಾಮೀಜಿಯ ಹೆಗಲೇರಿತು.

ಮರು ವರ್ಷ ಬ್ರಿಟಿಷರು ಹೊರಟರು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೂ ಸೇರದೆ, ಪಾಕಿಸ್ತಾನಕ್ಕೂ ಸೇರದೆ ಸ್ವತಂತ್ರರಾಗಿರಲು ಬಯಸಿದರು. ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ನ್ನು ಭಾರತ ಒಕ್ಕೂಟ ಸೇರುವ ದಿನವೆಂದು ಆಚರಿಸಿತು. ಆಗಸ್ಟ್ 15ರಂದು ದೇಶವೆಲ್ಲ ಹಬ್ಬದಲ್ಲಿದ್ದಾಗ ಸ್ವಾಮೀಜಿ ಹೈದರಾಬಾದಿನಲ್ಲಿ ಬಂಧಿತರಾದರು. ನವೆಂಬರಿನಲ್ಲಿ ಭಾರತ ಸರಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆಯಾಯಿತು. ಆದರೆ 1948ರ ಜನವರಿಯಲ್ಲಿ ಮತ್ತೆ ಹಿಡಿದು ಒಳಗಿಟ್ಟರು. ಸಂಸ್ಥಾನ ಬೀಳುವವರೆಗೂ ಅವರು ಅಲ್ಲೇ ಇದ್ದರು.

ಗಡಿಯಾಚೆಯ ಶಿಬಿರಗಳು

ನಾಯಕ ಜೈಲಿನಲ್ಲಿದ್ದಾಗ ಹೋರಾಟ ನಿಲ್ಲಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾ ಸಮಿತಿಯು ಸಂಸ್ಥಾನದ ಸುತ್ತಲೂ, ಭಾರತದ ನೆಲದಲ್ಲಿ, ಗಡಿ ಶಿಬಿರಗಳನ್ನು ತೆರೆಯಿತು. ಕನ್ನಡದ ಕಡೆ ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಯವರೂ, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂದಾಳುಗಳು. ಇವೆರಡೂ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಆಗಿನ ರಾಯಚೂರು ಜಿಲ್ಲೆಯಲ್ಲಿ ಇಂದಿನ ಕೊಪ್ಪಳ ಜಿಲ್ಲೆಯೂ ಸೇರಿತ್ತು. ಲಿಂಗಸುಗೂರಿನವರು ಪಶ್ಚಿಮಕ್ಕೆ ನಡೆದರೆ, ಸಿಂಧನೂರಿನವರು ದಕ್ಷಿಣಕ್ಕೆ ತುಂಗಭದ್ರೆಯನ್ನು ದಾಟಿದರೆ ಭಾರತದ ನೆಲ ಸಿಗುತ್ತಿತ್ತು. ಒಂದು ನದಿ ದಾಟಿದರೆ ಸ್ವತಂತ್ರ ದೇಶ, ಈಚೆ ದಡದಲ್ಲಿ ಭಯ.

ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿ ಸುಲಿಗೆ, ಹಿಂಸೆ ನಡೆಸುತ್ತಿದ್ದ ದಿನಗಳವು. ಶಿಬಿರದ ಯುವಕರು ರಾತ್ರಿ ಗಡಿ ದಾಟಿ ಬಂದು ನಿಜಾಮರ ಪೊಲೀಸ್ ಠಾಣೆಗಳ ಮೇಲೆ, ಸುಂಕದ ಕಟ್ಟೆಗಳ ಮೇಲೆ ದಾಳಿ ಮಾಡಿ ಮರಳುತ್ತಿದ್ದರು. ಅವರಿಗೆ ಸಮವಸ್ತ್ರವಿರಲಿಲ್ಲ, ಸಂಬಳವಿರಲಿಲ್ಲ. ಕದ್ದುಮುಚ್ಚಿ ನಡೆಯುವ ಕೆಲಸದಲ್ಲಿ ಕಾಗದ ಪತ್ರ ಇಟ್ಟುಕೊಳ್ಳುವುದೇ ಅಪಾಯ. ಹೆಸರು ಬರೆದ ಒಂದು ಚೀಟಿ ವೈರಿಯ ಕೈಗೆ ಸಿಕ್ಕರೆ ಹಿಂದೆ ಊರಿನಲ್ಲಿ ಉಳಿದ ತಾಯಿ ತಂದೆಗೆ ಗಂಡಾಂತರ.

ಗಾಂಧಿಮಾರ್ಗದ ಸನ್ಯಾಸಿಯ ಸಂಘಟನೆ ಬಂದೂಕು ಹಿಡಿದದ್ದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಜೈಲಿನಲ್ಲಿದ್ದ ಕಾರಣ ಹೇಳಿ ಅವರು ಇದರಿಂದ ನುಣುಚಿಕೊಳ್ಳಬಹುದಿತ್ತು. ಅವರು ಹಾಗೆ ಕೈ ತೊಳೆದುಕೊಳ್ಳಲಿಲ್ಲ. ಹೈದರಾಬಾದಿನ ಹೋರಾಟದ ಬಗ್ಗೆ 1967ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ನೆನಪಿನ ಪುಸ್ತಕದಲ್ಲಿ ಅದನ್ನು ತಮ್ಮ ಹೋರಾಟದ ಭಾಗವೆಂದೇ ಒಪ್ಪಿಕೊಂಡರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನ ಪ್ರವೇಶಿಸಿತು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಸ್ವಾಮೀಜಿ ಬಿಡುಗಡೆಯಾದರು.

ಇಷ್ಟಕ್ಕೇ ನಿಲ್ಲಿಸಿದರೆ ನಾವು ಪೂರ್ತಿ ಸತ್ಯ ಹೇಳಿದಂತಾಗುವುದಿಲ್ಲ. ಆ ಗೆಲುವಿನ ಬೆನ್ನಿಗೇ ಸಂಸ್ಥಾನದ ಹಲವು ಕಡೆ, ವಿಶೇಷವಾಗಿ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ, ನಿರಪರಾಧಿ ಮುಸ್ಲಿಮರ ಹತ್ಯೆಗಳು ನಡೆದವು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರದೊಳಗೆ ಅಂದಾಜಿಸಿತು. ಆ ವರದಿ ಬಹುಕಾಲ ಬೆಳಕು ಕಾಣಲಿಲ್ಲ. ಆ ವಿಧವೆಯರಿಗೂ ಅನಾಥರಿಗೂ ಮುಂದೆ ಬಂದ ಸೈನಿಕ ಪಿಂಚಣಿಯ ಯಾವ ಕಾಲಮಿನಲ್ಲೂ ಜಾಗವಿರಲಿಲ್ಲ.

ಅಧಿಕಾರ ಹಿಡಿಯದ ನಾಯಕ

ಹೈದರಾಬಾದ್ ಭಾರತದ್ದಾದ ಮೇಲೆ ಸ್ವಾಮೀಜಿ ಮಂತ್ರಿಯಾಗಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಗುಲಬರ್ಗಾದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ಹೈದರಾಬಾದ್ ರಾಜ್ಯವನ್ನು ಹಾಗೆಯೇ ಉಳಿಸಬೇಕೆಂಬ ವಾದಕ್ಕೆ ಅವರು ಒಪ್ಪಲಿಲ್ಲ. ಆಯಾ ಭಾಷೆಯ ಜನ ಆಯಾ ರಾಜ್ಯಕ್ಕೆ ಸೇರಲಿ ಎಂದರು. 1956ರ ನವೆಂಬರ್ 1ರಂದು ರಾಯಚೂರು, ಗುಲಬರ್ಗಾ, ಬೀದರ್ ಕನ್ನಡಿಗರ ರಾಜ್ಯವನ್ನು ಸೇರಿದವು. ತಾನು ಅಧ್ಯಕ್ಷನಾಗಿ ಬೆಳೆಸಿದ ಸಂಘಟನೆಯ ನೆಲವೇ ಮೂರು ಪಾಲಾಗಲಿ ಎಂದು ಕೇಳಿದ ನಾಯಕರು ವಿರಳ.

1972ರ ಜನವರಿ 22ರಂದು ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. ನಾಂದೇಡಿನ ವಿಶ್ವವಿದ್ಯಾಲಯ ಇಂದು ಅವರ ಹೆಸರನ್ನು ಹೊತ್ತಿದೆ.

ಅದೇ ವರ್ಷ ಆಗಸ್ಟ್ 15ರಂದು, ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನ, ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯನ್ನು ಜಾರಿಗೆ ತಂದಿತು. ಸ್ವಾಮೀಜಿ ತೀರಿಕೊಂಡು ಆಗ ಏಳು ತಿಂಗಳೂ ತುಂಬಿರಲಿಲ್ಲ. ಸಂಸದರಿಗೆ ಪಿಂಚಣಿ ಬಂದದ್ದು ಇನ್ನೂ ತಡವಾಗಿ, 1976ರಲ್ಲಿ. ಈ ಎರಡೂ ಆರಂಭವಾಗುವ ಮೊದಲೇ ಅವರು ಹೊರಟುಹೋಗಿದ್ದರು. ಮನೆಯಿಲ್ಲದ ಸನ್ಯಾಸಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಆದರೆ ಅವರ ಮಾತು ನಂಬಿ ಹೊಲ ಬಿಟ್ಟು, ಓದು ಬಿಟ್ಟು ಶಿಬಿರ ಸೇರಿದವರಿಗೆ ಹೆಂಡತಿ ಮಕ್ಕಳಿದ್ದರು, ಮುಪ್ಪು ಹತ್ತಿರ ಬಂದಿತ್ತು. ಅವರಿಗೆ ಆ ಹಣ ಬೇಕಿತ್ತು.

ಸಾಕ್ಷಿ ಎಲ್ಲಿ?

ಆರಂಭದಲ್ಲಿ ಪಿಂಚಣಿ ತಿಂಗಳಿಗೆ 200 ರೂಪಾಯಿ. ವಾರ್ಷಿಕ ಆದಾಯ 5,000 ರೂಪಾಯಿ ಮೀರದವರಿಗೆ ಮಾತ್ರ. 1980ರಲ್ಲಿ ಆದಾಯದ ಮಿತಿ ತೆಗೆದು, ಇದು ದಾನವಲ್ಲ ಗೌರವ ಎಂಬರ್ಥದಲ್ಲಿ ಸ್ವತಂತ್ರತಾ ಸೈನಿಕ ಸಮ್ಮಾನ್ ಪಿಂಚಣಿ ಎಂದು ಹೆಸರಿಟ್ಟರು. ಸೈನ್ಯದ ಪಟ್ಟಿಯಲ್ಲಿ ಹೆಸರಿಲ್ಲದವರನ್ನೂ ದೇಶ ಸೈನಿಕರೆಂದು ಕರೆಯಿತು.

ಆದರೆ ಸೈನಿಕನೆಂದು ತೋರಿಸುವುದು ಹೇಗೆ? ಸಾಮಾನ್ಯವಾಗಿ ಆರು ತಿಂಗಳ ಜೈಲುವಾಸ ಬೇಕು, ಜೈಲಿನ ದಾಖಲೆ ಬೇಕು. ದಾಖಲೆ ಇಲ್ಲವಾದರೆ ಇಲ್ಲವೆಂದು ಸರಕಾರವೇ ಬರೆದುಕೊಟ್ಟ ಪತ್ರ ಬೇಕು, ಜೊತೆಗೆ ಸೆರೆಯಲ್ಲಿದ್ದ ಸಹಕೈದಿಗಳ ಪ್ರಮಾಣಪತ್ರ ಬೇಕು. ಭೂಗತರಾಗಿದ್ದೆವು ಎಂದರೆ ತಮ್ಮ ಮೇಲೆ ವಾರಂಟ್ ಅಥವಾ ಬಹುಮಾನ ಘೋಷಣೆ ಇತ್ತೆಂದು ತೋರಿಸಬೇಕು. ನಿಜಾಮರ ಕಾಲದ ಕಡತಗಳು ಉರ್ದುವಿನಲ್ಲಿ. ಸಂಸ್ಥಾನ ಮೂರು ರಾಜ್ಯಗಳಿಗೆ ಹಂಚಿಹೋದದ್ದರಿಂದ ಹಳ್ಳಿಯವನೊಬ್ಬ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದೇ ಒಗಟು. ಇನ್ನು ಗಡಿ ಶಿಬಿರದವರಂತೂ ಜೈಲಿಗೆ ಹೋದವರೇ ಅಲ್ಲ. ಸಿಕ್ಕಿಬೀಳದಿರುವುದೇ ಅವರ ಜಾಣ್ಮೆಯಾಗಿತ್ತು. ಆ ಜಾಣ್ಮೆಯೇ ಈಗ ಅವರಿಗೆ ಅಡ್ಡವಾಯಿತು.

1985ರ ಸುಮಾರಿಗೆ ಕೇಂದ್ರ ಸರಕಾರ ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳನ್ನೂ ಆರ್ಯ ಸಮಾಜದ ಸತ್ಯಾಗ್ರಹವನ್ನೂ ಯೋಜನೆಯೊಳಗೆ ಒಪ್ಪಿಕೊಂಡಿತು. ಶಿಬಿರದ ಯುವಕರು ಅಷ್ಟು ಹೊತ್ತಿಗೆ ಅರವತ್ತು ದಾಟಿದ್ದರು. ತಡವಾಗಿ ಬಂದ ಅರ್ಜಿಗಳು ತಿರಸ್ಕೃತವಾದಾಗ ಆರ್ಯ ಸಮಾಜದ ಹೋರಾಟಗಾರರು ಸುಪ್ರೀಂ ಕೋರ್ಟಿನವರೆಗೆ ಹೋದರು. ಮುಕುಂದ್ ಲಾಲ್ ಭಂಡಾರಿ ಪ್ರಕರಣದಲ್ಲಿ, 1993ರಲ್ಲಿ, ಅರ್ಜಿ ತಡವಾಯಿತೆಂಬ ಒಂದೇ ಕಾರಣಕ್ಕೆ ಪಿಂಚಣಿ ನಿರಾಕರಿಸಬಾರದೆಂದು ನ್ಯಾಯಾಲಯ ತೀರ್ಪಿತ್ತಿತು. 2001ರ ಗುರುದಿಯಾಲ್ ಸಿಂಗ್ ಪ್ರಕರಣದಲ್ಲಿ, ಕೊಲೆ ಮೊಕದ್ದಮೆಯಲ್ಲಿ ಕೇಳುವಂಥ ಸಾಕ್ಷ್ಯವನ್ನು ಮುದುಕ ಹೋರಾಟಗಾರರಿಂದ ಕೇಳಬಾರದೆಂದು ಹೇಳಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಾಕ್ಷಿಯ ನಿಯಮ ಸಡಿಲವಾದ ಕಡೆ ಸುಳ್ಳುಸಾಕ್ಷಿ ನುಸುಳಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ನಕಲಿ ಸ್ವಾತಂತ್ರ್ಯ ಯೋಧರ ದೊಡ್ಡ ಹಗರಣ ಹೊರಬಿತ್ತು. ವಿಚಾರಣೆಗೆ ಆಯೋಗ ಕೂತಿತು, ವಿಷಯ 2005ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿತು. ಅಂಬಾಜೋಗಾಯಿ ಇರುವುದು ಇದೇ ಜಿಲ್ಲೆಯಲ್ಲಿ. ಸ್ವಾಮೀಜಿ ಮಕ್ಕಳಿಗೆ ಪಾಠ ಹೇಳಿದ ನೆಲದಲ್ಲೇ ಅವರ ಹೋರಾಟದ ಹೆಸರು ಹೇಳಿ ಸುಳ್ಳು ಕಾಗದಗಳು ಹುಟ್ಟಿದವು. ಇದರಿಂದ ನಿಜವಾಗಿ ಕಷ್ಟಪಟ್ಟವರ ಮೇಲೂ ಅನುಮಾನದ ಕಣ್ಣು ಬಿತ್ತು.

ಐರ್ಲೆಂಡಿನಲ್ಲೂ ಇದೇ ಕಥೆ

ಈ ಸಂಕಟ ನಮ್ಮ ದೇಶದ್ದು ಮಾತ್ರವಲ್ಲ. ನಮಗೆ ಅನೇಕ ಮಿಷನರಿಗಳನ್ನು ಕಳುಹಿಸಿದ ಐರ್ಲೆಂಡ್ ಬ್ರಿಟಿಷರ ವಿರುದ್ಧ ಹೋರಾಡಿದವರಿಗಾಗಿ 1924ರಲ್ಲೂ 1934ರಲ್ಲೂ ಮಿಲಿಟರಿ ಸೇವಾ ಪಿಂಚಣಿ ಕಾಯಿದೆಗಳನ್ನು ತಂದಿತು. ಅಲ್ಲೂ ಬಹುಮಂದಿ ಗುಟ್ಟಾಗಿ ಹೋರಾಡಿದವರು. ಎಲ್ಲಿ, ಯಾವಾಗ, ಯಾರ ಕೈಕೆಳಗೆ, ಎಷ್ಟು ದಿನ ಎಂದು ವಿವರವಾಗಿ ಬರೆದು, ಹಳೆಯ ನಾಯಕರಿಂದ ದೃಢೀಕರಿಸಬೇಕಿತ್ತು. ಸುಮಾರು 82 ಸಾವಿರ ಮಂದಿ ಅರ್ಜಿ ಹಾಕಿದರು; ಮಂಜೂರಾದದ್ದು 16 ಸಾವಿರದೊಳಗೆ.

ಮಾರ್ಗರೆಟ್ ಸ್ಕಿನ್ನಿಡರ್ ಎಂಬ ಶಿಕ್ಷಕಿ 1916ರ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದು ಮೂರು ಗುಂಡೇಟು ತಿಂದವರು. 1925ರಲ್ಲಿ ಗಾಯದ ಪಿಂಚಣಿ ಕೇಳಿದಾಗ, ಕಾನೂನಿನಲ್ಲಿ ಸೈನಿಕ ಎಂದರೆ ಗಂಡಸು ಮಾತ್ರ ಎಂದು ಅರ್ಜಿ ತಳ್ಳಿಹಾಕಿದರು. ಅವರಿಗೆ ಪಿಂಚಣಿ ಸಿಕ್ಕಿದ್ದು 1938ರಲ್ಲಿ. ದೇಹದಲ್ಲಿ ಗಾಯದ ಗುರುತಿದ್ದರೂ ಕಾಗದಕ್ಕೆ ಅದು ಸಾಲಲಿಲ್ಲ. ಅಲ್ಲಿನ ಸರಕಾರ ಆ ಅರ್ಜಿಗಳನ್ನೆಲ್ಲ ಕಾಪಾಡಿ ಈಗ ಸಾರ್ವಜನಿಕರಿಗೆ ತೆರೆದಿಟ್ಟಿದೆ. ತಿರಸ್ಕೃತ ಅರ್ಜಿಗಳೂ ಇಂದು ಆ ದೇಶದ ಇತಿಹಾಸವಾಗಿವೆ. ನಮ್ಮ ಗಡಿ ಶಿಬಿರಗಳಲ್ಲಿ ನಿಂತವರ ಅರ್ಜಿಗಳಿಗೂ ಅಂಥ ಭಾಗ್ಯ ಬರಲಿ ಎಂಬುದು ನಮ್ಮ ಆಶೆ.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ಇದನ್ನೆಲ್ಲ ಧರ್ಮಪ್ರಾಂತ್ಯದ ಪುಟದಲ್ಲಿ ಯಾಕೆ ಬರೆಯುತ್ತೇವೆಂದು ನೀವು ಕೇಳಬಹುದು. ನಮ್ಮ ಧರ್ಮಕೇಂದ್ರಗಳ ಕಚೇರಿಯಲ್ಲಿ ಕುಳಿತವರಿಗೆ ಉತ್ತರ ಗೊತ್ತಿದೆ. ವೃದ್ಧಾಪ್ಯ ವೇತನ, ವಿಧವಾ ವೇತನ, ನಿವೃತ್ತ ಸೈನಿಕರ ಕುಟುಂಬ ಪಿಂಚಣಿ ಎಂದು ಬರುವ ಹಿರಿಯರಿಗೆ ಎಷ್ಟೋ ಸಲ ಹುಟ್ಟಿದ ದಿನಕ್ಕೆ, ಮದುವೆಯಾದ ದಿನಕ್ಕೆ ಇರುವ ಒಂದೇ ದಾಖಲೆ ನಮ್ಮ ಜ್ಞಾನಸ್ನಾನದ, ವಿವಾಹದ ಪುಸ್ತಕಗಳು. ಹಿಂದಿನ ಗುರುಗಳೊಬ್ಬರು ಶಾಯಿಯಲ್ಲಿ ಬರೆದಿಟ್ಟ ಒಂದು ಸಾಲು ಅರವತ್ತು ವರ್ಷಗಳ ಮೇಲೆ ಒಬ್ಬ ವಿಧವೆಯ ಊಟಕ್ಕೆ ದಾರಿಯಾಗುತ್ತದೆ. ಆ ಪುಸ್ತಕಕ್ಕೆ ಗೆದ್ದಲು ಹತ್ತಿದರೆ ಹೋಗುವುದು ಬರಿಯ ಕಾಗದವಲ್ಲ.

ಆದ್ದರಿಂದ ಮೂರು ಮಾತು. ಮೊದಲನೆಯದು, ನಮ್ಮ ದಾಖಲೆ ಪುಸ್ತಕಗಳನ್ನು ಜೋಪಾನ ಮಾಡೋಣ. ಕೇಳಿಕೊಂಡು ಬಂದವರನ್ನು ನಾಳೆ ಬನ್ನಿ ಎಂದು ಅಲೆಸದಿರೋಣ. ಎರಡನೆಯದು, ಗೊತ್ತಿರುವುದಕ್ಕೆ ಮಾತ್ರ ಸಹಿ ಹಾಕೋಣ. ಪರಿಚಯದ ಮುಲಾಜಿಗೆ ಕೊಟ್ಟ ಒಂದು ಸುಳ್ಳು ಪತ್ರ ಮುಂದೆ ಬರುವ ಹತ್ತು ಸತ್ಯವಂತರ ಬಾಗಿಲು ಮುಚ್ಚುತ್ತದೆ. ಮೂರನೆಯದು, ಊರಿನ ಹಿರಿಯರು ಬದುಕಿರುವಾಗಲೇ ಅವರ ನೆನಪುಗಳನ್ನು, ದಿನಾಂಕ ಮತ್ತು ಊರಿನ ಹೆಸರು ಸಹಿತ, ಬರೆದಿಟ್ಟುಕೊಳ್ಳೋಣ. ಸ್ವಾಮಿ ರಮಾನಂದ ತೀರ್ಥರು ತೀರಿಕೊಳ್ಳುವ ಐದು ವರ್ಷ ಮೊದಲು ತಮ್ಮ ನೆನಪುಗಳ ಪುಸ್ತಕವನ್ನು ಬಿಟ್ಟುಹೋದರು. ಅವರ ಹಿಂದೆ ನಡೆದ ಬಹುಮಂದಿಗೆ ಬರೆಯಲು ಬಿಡುವಿರಲಿಲ್ಲ, ಬರೆದುಕೊಡುವವರೂ ಇರಲಿಲ್ಲ.

ಮುಂದಿನ ಸಲ ಸೆಪ್ಟೆಂಬರ್ 17ರಂದು ಆ ಕಡೆ ಹೋಗುವ ಅವಕಾಶ ಸಿಕ್ಕರೆ, ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಶಾಲೆಗಳ ಮುಂದೆ ಹಾರುವ ಧ್ವಜಗಳನ್ನು ನೋಡಿ. ಪಿಂಚಣಿ ಪಡೆದವರನ್ನೂ, ಸಾಕ್ಷಿ ಸಿಗದೆ ಸುಮ್ಮನಾದವರನ್ನೂ, ಆ ದಿನಗಳಲ್ಲಿ ನಿರಪರಾಧಿಗಳಾಗಿ ಪ್ರಾಣ ಕಳೆದುಕೊಂಡ ಎರಡೂ ಕಡೆಯವರನ್ನೂ ಒಂದು ಕ್ಷಣ ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.